ಅತ್ತೆಯ ಮಡಿಲು, ಹನ್ನೆರಡು ಕೆಜಿ ರಾಗಿ

ಒಂಬತ್ತನೇ ಕ್ಲಾಸಿಗೆ ಜಡತ್ವದ ಪಾಠ ಮಾಡಿ ಮಾಡಿ ನನ್ನ ಗಂಟಲು ಸವೆದಿದೆ. ಬಸ್ಸು ನಿಂತರೂ ಒಳಗಿನವರ ಮೈ ಮುಂದಕ್ಕೇ ಹೋಗುತ್ತದೆ ಎಂದರೆ, ತಿ. ನರಸೀಪುರದ ಬಸ್ಸಲ್ಲಿ ನೇತಾಡಿಕೊಂಡು ಬರುವ ಮಕ್ಕಳಿಗೆ ಒಂದೇ ಸಲಕ್ಕೆ ಅರ್ಥವಾಗುತ್ತದೆ. ನಮ್ಮತ್ತೆಗೆ ಮಾತ್ರ ತಿಪ್ಪರಲಾಗ ಹಾಕಿದರೂ ಅರ್ಥ ಮಾಡಿಸಲಾಗಲಿಲ್ಲ.

ಕಾರು ಹತ್ತಿದರೆ ಅವರಿಗೆ ಮುಂದಿನ ಸೀಟೇ ಆಗಬೇಕು, ಎರಡು ವರ್ಷದ ನನ್ನ ಮಗಳು ಅವರ ಮಡಿಲಲ್ಲೇ ಇರಬೇಕು. ಮಗುವಿಗೆಂದು ತಂದ ಬೆಲ್ಟಿನ ಸೀಟು ಹಿಂದೆ ಖಾಲಿ.

"ಕಟ್ಟಾಕಕ್ಕೆ ಅದೇನು ಕರುವಾ? ನನ್ ಕೈಲಿರೋ ಕೂಸು ಎಲ್ಲಿಗೂ ಓಗಕಿಲ್ಲ ಕಣವ್ವ."

ನಮ್ಮ ಯಜಮಾನರ ಮುಖ ನೋಡಿದರೆ ಅವರು ಸ್ಟೇರಿಂಗ್ ಒರೆಸುತ್ತಾ ಕೂರುವರು. ಅಮ್ಮನ ಎದುರು ಆ ಮನುಷ್ಯನ ಬಾಯಿಗೆ ಬೀಗ!

ತಡೆಯಲಾರದೆ ಒಂದು ಭಾನುವಾರ ಪ್ರಯೋಗವನ್ನೇ ಮಾಡಿಬಿಟ್ಟೆ. ಮಗುವನ್ನು ಮಾವನ ಹತ್ತಿರ ಬಿಟ್ಟು, ಅದರಷ್ಟೇ ತೂಕದ, ಹನ್ನೆರಡು ಕೆಜಿ ರಾಗಿಯ ಚೀಲವನ್ನು ಅತ್ತೆಯ ಮಡಿಲಿಗಿಟ್ಟೆ. ಹೆಮ್ಮರಗಾಲದ ಕಡೆ ಖಾಲಿ ರಸ್ತೆಯಲ್ಲಿ ಯಜಮಾನರು ಬ್ರೇಕ್ ಒತ್ತಿದರು. ವೇಗ ಮೂವತ್ತೂ ಇರಲಿಲ್ಲ. ಚೀಲ ಡ್ಯಾಶ್‌ಬೋರ್ಡಿಗೆ ಬಡಿದು, ಬಾಯಿ ಬಿಚ್ಚಿಕೊಂಡು, ರಾಗಿಯೆಲ್ಲ ಕಾಲಡಿ ಸುರಿಯಿತು.

"ನೋಡಿದಿರಾ ಅತ್ತೆ?"

"ನೋಡ್ದೆ. ರಾಗಿಯ ಯಾರಾದ್ರೂ ಮೊಮ್ಮಗಳಂಗೆ ತಬ್ಕಂಡಾರಾ? ಇದ್ಯಾವ ಪಾಠವವ್ವ ನಿಂದು!"

ಅಯ್ಯೋ ಶಿವನೇ! ಓಡುವ ಕಾರು ತಟ್ಟನೆ ನಿಂತಾಗ ತೋಳಿಗೆ ಬೇಕಾದ ಬಲ ಪ್ರೀತಿಯಿಂದ ಬರುವುದಿಲ್ಲ ಎಂದು ಹೇಗೆ ಹೇಳಲಿ? ಕೊನೆಗೆ ಕಾರಿನಿಂದ ರಾಗಿ ಗುಡಿಸಿದವಳೂ ನಾನೇ.

ಹದಿನೈದು ದಿನ ಕಳೆದಿರಬೇಕು. ನಂಜನಗೂಡಿನಿಂದ ಹೆಡತಲೆಗೆ ಹಿಂದಿರುಗುತ್ತಿದ್ದೆವು. ಅವತ್ತೂ ಜಗಳವಾಡಿ, ಸೋತು, ಖಾಲಿ ಸೀಟಿನ ಪಕ್ಕ ಕೂತಿದ್ದೆ. ಎಮ್ಮೆಯೊಂದು ರಸ್ತೆಗೆ ನುಗ್ಗಿತು. ಯಜಮಾನರು ಬ್ರೇಕ್ ಒತ್ತಿದರು. ಅತ್ತೆಯನ್ನು ಅವರ ಬೆಲ್ಟು ಹಿಡಿಯಿತು, ಮಗುವನ್ನು ಹಿಡಿಯಲು ಅತ್ತೆಯಿಂದ ಆಗಲಿಲ್ಲ. ಮಗುವಿನ ಹಣೆ ಡ್ಯಾಶ್‌ಬೋರ್ಡಿಗೆ ಬಡಿಯಿತು. ಆಸ್ಪತ್ರೆ ಮುಟ್ಟುವವರೆಗೂ "ಹೇಳಿದ್ದೆನಲ್ಲ, ಬಡಕೊಂಡಿದ್ದೆನಲ್ಲ" ಎಂದು ಅತ್ತೆಯ ಮೇಲೆ ಕೂಗಾಡಿದೆ. ಬರೀ ಬುಗುಟು, ಹೆದರಬೇಡಿ ಎಂದರು ಡಾಕ್ಟರು. ನನ್ನ ಬಾಯಿ ಆಗ ನಿಂತಿತು.

ಈಗ ಮಗು ಬೆಲ್ಟಿನ ಸೀಟಿನಲ್ಲೇ ಕೂರುತ್ತದೆ, ಯಾರದೂ ತಕರಾರಿಲ್ಲ. ಆದರೆ ಮನೆಯಲ್ಲೂ ಅತ್ತೆ ಮಗುವನ್ನು ಎತ್ತಿಕೊಳ್ಳುವುದು ಬಿಟ್ಟಿದ್ದಾರೆ. ಕೈ ಚಾಚಿಕೊಂಡು ಬಂದರೆ ಚಾಪೆಯ ಮೇಲೆ ಪಕ್ಕದಲ್ಲಿ ಕೂರಿಸಿಕೊಳ್ಳುತ್ತಾರೆ, ಅಷ್ಟೇ. ನನಗೆ ತಲೆ ಚಚ್ಚಿಕೊಳ್ಳುವ ಹಾಗಾಗುತ್ತದೆ.

"ಅತ್ತೆ, ಪೈಲ್ವಾನನ ಕೈಲೂ ಆಗ್ತಿರಲಿಲ್ಲ. ಹೆತ್ತ ನನ್ನ ಕೈಲೂ ಆಗ್ತಿರಲಿಲ್ಲ. ಅದು ತೂಕದ್ದು, ವೇಗದ್ದು ಲೆಕ್ಕ. ನಿಮ್ಮ ತಪ್ಪಲ್ಲ" ಎಂದು ನಿನ್ನೆಯೂ ಹೇಳಿದೆ.

ಅವರು ತಮ್ಮ ಅಂಗೈ ನೋಡಿಕೊಂಡರು.

"ಸುಮ್ನಿರವ್ವ. ನಾನು ಸರ್ಯಾಗಿ ತಬ್ಕಂಡಿರ್ನಿಲ್ಲ."