ಇನ್ನೊಂದು ಸಾಲು ಹೊಲಿಗೆ

ನಮ್ಮಕ್ಕ ಬೆಟ್ಟ ಹತ್ತುತ್ತೇನೆಂದಾಗ ನಾನು ಜೋರಾಗಿ ನಕ್ಕೆ. ನಗದೆ ಏನು ಮಾಡಲಿ? ಬಾಡಿಗೆ ಮನೆಯ ಮೂರು ಮಹಡಿ ಹತ್ತುವಷ್ಟರಲ್ಲಿ ಎರಡು ಕಡೆ ನಿಂತು, ಮೆಟ್ಟಿಲು ಕಟ್ಟಿದವನ ವಂಶವನ್ನೆಲ್ಲ ಜಾಲಾಡುವ ಹೆಂಗಸು ಅವಳು. ಆದರೆ ನಗುವಿನ ಹಿಂದೆ ಹೆದರಿಕೆಯಿತ್ತು. ಅದು ಅವಳಿಗೆ ಕಾಣಲಿಲ್ಲ ಎಂದುಕೊಂಡೆ.

ನಾನು ಬೆಟ್ಟದ ಗೈಡು. ಪೇಟೆಯ ಜನರನ್ನು ಐದಾರು ದಿನ ನಡೆಸಿ, ಟೆಂಟುಗಳಲ್ಲಿ ಮಲಗಿಸಿ, ತುದಿ ತೋರಿಸಿ, ಕೈಕಾಲು ನೆಟ್ಟಗಿರುವಂತೆ ವಾಪಸು ತರುವುದು ನನ್ನ ಕೆಲಸ. ಆ ಟೆಂಟುಗಳನ್ನು ಹೊಲಿದು ರಿಪೇರಿ ಮಾಡುವುದು ಅಕ್ಕನ ಕೆಲಸ. ಬೇಕರಿಯ ಮೇಲಿನ ಕೋಣೆ, ಕಿಟಕಿಯ ಪಕ್ಕ ಹೊಲಿಗೆ ಯಂತ್ರ, ನೆಲದ ತುಂಬ ನೈಲಾನ್ ಬಟ್ಟೆಯ ರಾಶಿ. ಕೆಳಗಿನಿಂದ ಬ್ರೆಡ್ಡಿನ ವಾಸನೆ ಬಂದಾಗ ಅವಳಿಗೆ ಹಸಿವು ನೆನಪಾಗುತ್ತದೆ, ನೆನಪಾದರೂ ಏಳುವುದಿಲ್ಲ. ಎದ್ದರೆ ಕೂರುವುದಿಲ್ಲ. ತಟ್ಟೆ ಹಿಡಿದು ಓಡಾಡುತ್ತಲೇ ಊಟ ಮುಗಿಸಿ, ಕೈ ಒರೆಸಿಕೊಳ್ಳುತ್ತ, ಮುಗಿದ ಹೊಲಿಗೆಯನ್ನೇ ಮತ್ತೆ ಎಳೆದು ನೋಡುತ್ತಾಳೆ. ಕಾಲಿಗೆ ಚಕ್ರ, ಮನಸ್ಸಿಗೆ ಇನ್ನೂ ದೊಡ್ಡ ಚಕ್ರ.

ಟೆಂಟಿಗೆ ಮೊದಲು ಅವಳು ಶಾಲೆಯ ಸಮವಸ್ತ್ರ ಹೊಲಿಯುತ್ತಿದ್ದಳು. ಹುಡುಗರ ಚಡ್ಡಿ ಎಲ್ಲಿ ಕಿತ್ತುಬರುತ್ತದೋ ಅಲ್ಲಿಗೆ ಇನ್ನೊಂದು ಸಾಲು ಹೊಲಿಗೆ, ಅದೂ ಸಾಲದಿದ್ದರೆ ಮತ್ತೊಂದು. ಚಡ್ಡಿ ಗಟ್ಟಿಯಾಗುತ್ತಿತ್ತು. ಅಷ್ಟೇ ಅವಳ ವಿದ್ಯೆ. ಅಮ್ಮ ತೀರಿಕೊಂಡಾಗ ನಾನು ಅಂಗಿಯ ಗುಂಡಿ ಹಾಕಿಕೊಳ್ಳಲೂ ಬಾರದವನು. ನನ್ನನ್ನು ಸಾಕಿದವಳು ಅಕ್ಕನೇ. ಹಾಗಾಗಿ ಕಂಪನಿಯ ಟೆಂಟುಗಳಿಗೆಲ್ಲ ಒಂದು ಸಾಲು ಹೊಲಿಗೆಯಾದರೆ, ನನ್ನದಕ್ಕೆ ಮಾತ್ರ ನಾಲ್ಕು.

ಕಳೆದ ವರ್ಷ ಮೇಲಿನ ಬಿಡಾರದಲ್ಲಿ ಹರಿದದ್ದು ಆ ಟೆಂಟೇ. ಒಬ್ಬನೇ ಮಲಗಿದ್ದೆ. ತಲೆಯ ಮೇಲಿನ ಬಟ್ಟೆ ಎರಡು ಪಾಲಾಗಿ ಹಿಮ ಮೈಮೇಲೆ ಸುರಿಯಿತು. ತೆವಳಿಕೊಂಡು ಅಡುಗೆಯವನ ಟೆಂಟು ಸೇರುವ ಹೊತ್ತಿಗೆ ಹಲ್ಲು ಕಟಕಟ ಎನ್ನುವುದೂ ನಿಂತುಹೋಗಿತ್ತು. ಉಳಿದದ್ದೇ ಹೆಚ್ಚು. ಬೆಳಗಾದ ಮೇಲೆ ಹರಿದ ಅಂಚು ನೋಡಿದೆ. ಅಕ್ಕನ ದಾರ ಒಂದೆಡೆಯೂ ತುಂಡಾಗಿರಲಿಲ್ಲ. ಸೂಜಿಯ ತೂತಿನಿಂದ ತೂತಿಗೆ, ಅಂಚೆ ಚೀಟಿ ಬಿಡಿಸಿದ ಹಾಗೆ, ಬಟ್ಟೆಯೇ ನೆಟ್ಟಗೆ ಹರಿದುಕೊಂಡು ಹೋಗಿತ್ತು. ತೆಳು ನೈಲಾನಿಗೆ ನಾಲ್ಕು ಸಾಲು ತೂತು ಹೊಡೆದರೆ ಇನ್ನೇನಾದೀತು? ಅದನ್ನು ಅಲ್ಲೇ ಕಲ್ಲಿನಡಿ ತುರುಕಿ, ಕೆಳಗಿಳಿದು ಬಂದು, "ಗಾಳಿ ಜೋರಿತ್ತು, ಹರೀತು" ಎಂದೆ. ನನ್ನನ್ನು ಕಾಯಲೆಂದು ಹೊಲಿದದ್ದೇ ನನ್ನನ್ನು ಕೊಲ್ಲಲು ಹೊರಟಿತ್ತು ಎಂದು ಯಾವ ಬಾಯಿಂದ ಹೇಳಲಿ? ಹೇಳಿದ್ದರೆ ಅವಳು ಮತ್ತೆ ಸೂಜಿ ಮುಟ್ಟುತ್ತಿರಲಿಲ್ಲ. ಆಮೇಲೆ ನನಗೆಂದು ಕೊಟ್ಟ ಹೊಸ ಟೆಂಟಿಗೂ ನಾಲ್ಕೇ ಸಾಲು, ಅವಳೇ ಹೇಳಿದ್ದು. ಬಾಯಿ ಮುಚ್ಚಿಕೊಂಡು ಅದರಲ್ಲೇ ಮಲಗುತ್ತಿದ್ದೆ. ಗಾಳಿ ಎದ್ದ ದಿನ ನಿದ್ದೆಯ ಮಾತೇ ಇಲ್ಲ.

ಅಕ್ಕನಿಗಂತೂ ನಾನು ಹೇಳಿದ್ದು ಗಂಟಲಲ್ಲಿ ಇಳಿಯಲಿಲ್ಲ. "ಬರೀ ಗಾಳಿಗೆ ಹರಿಯೋಕೆ ಅದೇನು ಕಾಗದಾನಾ? ಎಲ್ಲೋ ನನ್ನ ಹೊಲಿಗೆ ಬಿಟ್ಟಿದೆ. ಎಲ್ಲಿ ಅಂತ ಕಣ್ಣಾರೆ ನೋಡ್ಬೇಕು" ಎಂದು ವರ್ಷವಿಡೀ ಅದೇ ರಾಗ. ಕೊನೆಗೆ ಕಂಪನಿಯ ಯಜಮಾನನ ಹತ್ತಿರ ಹೋಗಿ, ದಾರಿಯುದ್ದಕ್ಕೂ ಟೆಂಟು ನೋಡಿಕೊಳ್ಳುತ್ತೇನೆ, ನನ್ನನ್ನೂ ಕಳಿಸಿ ಎಂದಳು. ಪುಕ್ಕಟೆ ಸಿಕ್ಕ ದರ್ಜಿಯನ್ನು ಬೇಡವೆನ್ನಲು ಅವನಿಗೇನು ಹುಚ್ಚೇ?

ಹೊರಟ ದಿನದಿಂದಲೇ ನನಗೆ ನೆಮ್ಮದಿ ಹಾರಿಹೋಯಿತು. ಅವಳ ಮೊಣಕಾಲು ಕೈಕೊಡಲಿ, ತಲೆ ಸುತ್ತಲಿ, ಏನಾದರೊಂದು ನೆಪ ಸಿಗಲಿ ಎಂದು ಹಾರೈಸುತ್ತ ನಡೆದೆ. ಒಡಹುಟ್ಟಿದವಳಿಗೆ ಹಾರೈಸುವಂಥದ್ದೇ ಅದು? ಅವಳೋ, ಏದುಸಿರು ಬಿಡುತ್ತ, ಬೆಟ್ಟವನ್ನು ಬೈಯುತ್ತ, ಜನ ಕೂತಾಗ ಅವರ ಚೀಲದ ಪಟ್ಟಿ ಹೊಲಿದುಕೊಡುತ್ತ ಮುಂದೆಯೇ ಇದ್ದಳು.

"ಅಕ್ಕಾ, ನಿನ್ನ ಮುಖ ಊದಿದೆ. ಇಲ್ಲಿಂದಾನೇ ಇಳಿದುಬಿಡು" ಎಂದೆ ಮೂರನೆಯ ಬಿಡಾರದಲ್ಲಿ.

"ನಿನ್ನ ಮುಖ ನೋಡ್ಕೋ ಮೊದ್ಲು. ಯಾಕೋ ಅಷ್ಟು ಅವಸರ ನನ್ನ ಸಾಗಹಾಕೋಕೆ?"

ಮೇಲಿನ ಬಿಡಾರ ತಲುಪಿದಾಗ ಮಧ್ಯಾಹ್ನ. ಹರಿದ ಟೆಂಟನ್ನು ಹಿಮ ನುಂಗಿಹಾಕಿದೆ ಎಂದು ಹೇಳಲು ತಯಾರಾಗಿದ್ದೆ. ಅವಳು ನನ್ನನ್ನು ಕೇಳಲೇ ಇಲ್ಲ. ಅಡುಗೆಯವನನ್ನು ಕೇಳಿದಳು. ಅವನು ಸೌಟಿನಲ್ಲೇ ಕಲ್ಲಿನ ಗುಡ್ಡೆ ತೋರಿಸಿದ.

ನಾನು ಓಡಿಹೋಗುವಷ್ಟರಲ್ಲಿ ಅವಳು ಬಟ್ಟೆಯನ್ನು ಎಳೆದು ತೊಡೆಯ ಮೇಲೆ ಹರಡಿಕೊಂಡಿದ್ದಳು. ಅಂಚಿನ ಉದ್ದಕ್ಕೂ ಬೆರಳಾಡಿಸಿದಳು. "ದಾರ ಗಟ್ಟಿಯಾಗೇ ಇದೆಯಲ್ಲೋ" ಎಂದಳು, ಕ್ಷಣಹೊತ್ತು ಖುಷಿಯಿಂದ. ಆಮೇಲೆ ಪಕ್ಕದ ಸಾಲನ್ನು ಎರಡೂ ಕೈಯಲ್ಲಿ ಹಿಡಿದು ಎಳೆದಳು. ಪರ್ರನೆ ಬಿಟ್ಟುಕೊಂಡಿತು.

"ನೀನು ಇದನ್ನ ನೋಡಿದ್ದೆ."

"ಹೂಂ."

ಅತ್ತಾಳು ಎಂದುಕೊಂಡೆ, ಬೈದಾಳು ಎಂದುಕೊಂಡೆ. ಅವಳು ನನ್ನತ್ತ ನೋಡುತ್ತಲೇ ಇರಲಿಲ್ಲ. ನನ್ನ ಬೆನ್ನ ಹಿಂದೆ ಸಾಲಾಗಿ ನಿಂತ ಟೆಂಟುಗಳನ್ನು ನೋಡುತ್ತಿದ್ದಳು.

"ಅಯ್ಯೋ ಹಾಳಾದವ್ನೇ! ಎಲ್ಲಾದಕ್ಕೂ ಹಾಕ್ಬಿಟ್ಟಿದ್ದೀನಲ್ಲೋ."

"ಏನನ್ನ?"

"ನಿಂದು ಹರಿದ ಮೇಲೆ, ಒಂದು ಸಾಲು ಸಾಲ್ದು ಅಂತ, ಅಷ್ಟೂ ಟೆಂಟಿಗೆ ನಾಲ್ಕು ನಾಲ್ಕು ಸಾಲು. ನೀರಿಳೀದಿರ್ಲಿ ಅಂತ ಮೇಲೆ ಪಟ್ಟಿ ಅಂಟಿಸಿದ್ದೀನಿ, ಅದಕ್ಕೇ ನಿಂಗೆ ಕಂಡಿಲ್ಲ."

ಆಗಲೇ ಗಾಳಿ ಏಳುತ್ತಿತ್ತು, ಟೆಂಟಿನ ಹಗ್ಗಗಳು ಬಿಗಿದು ನಡುಗುತ್ತಿದ್ದವು. ಒಳಗೆ ಕೂತ ಆರು ಜನ ಬಿಸಿ ಚಹಾ ಕುಡಿಯುತ್ತ ನಾಳೆ ತುದಿಯಲ್ಲಿ ಯಾರ ಫೋಟೋ ಯಾರು ತೆಗೆಯಬೇಕೆಂದು ಗಲಾಟೆ ಮಾಡುತ್ತಿದ್ದರು.

ಅಕ್ಕ ನನ್ನ ಅಪ್ಪಣೆಗೆ ಕಾಯಲಿಲ್ಲ. ಅಡುಗೆಯವನ ಸೌಟು ಕಿತ್ತುಕೊಂಡು ಪಾತ್ರೆಗೆ ಬಡಿದು ಎಲ್ಲರನ್ನೂ ಹೊರಗೆ ಕರೆದಳು. "ಈ ಟೆಂಟೆಲ್ಲ ಹೊಲಿದೋಳು ನಾನು. ತಪ್ಪು ಹೊಲಿದಿದ್ದೀನಿ. ಗಾಳಿ ಹೆಚ್ಚಾದ್ರೆ ಹರಿಯುತ್ತೆ. ಇದರೊಳಗೆ ಯಾರೂ ಮಲಗ್ಬೇಡಿ. ಬೆಳಕಿದ್ದಾಗ್ಲೇ ಇಳೀರಿ."

ಗುಂಪಿನಲ್ಲಿ ಬ್ಯಾಂಕಿನವರೊಬ್ಬರಿದ್ದರು. ವರ್ಷಗಟ್ಟಲೆ ರಜೆ ಕೂಡಿಟ್ಟು ಬಂದವರು. ಅವರು ನನ್ನ ಕಡೆ ತಿರುಗಿದರು. "ಏನ್ರೀ ಇದು? ಎತ್ತರಕ್ಕೆ ಬಂದ್ರೆ ಕೆಲವರಿಗೆ ತಲೆ ಓಡಲ್ಲ, ಏನೇನೋ ಮಾತಾಡ್ತಾರೆ ಅಂತ ನೀವೇ ಹೇಳಿದ್ರಲ್ಲ. ನಿಮ್ಮಕ್ಕನಿಗೂ ಅದೇ ಆಗಿರ್ಬೇಕು ಅಲ್ವಾ?"

ಎಲ್ಲರೂ ನನ್ನನ್ನೇ ನೋಡಿದರು. ಅಕ್ಕನೂ ನೋಡಿದಳು. ಹೌದು ಎಂದಿದ್ದರೆ ಸಾಕಿತ್ತು. ನನ್ನ ಕೆಲಸ ಉಳಿಯುತ್ತಿತ್ತು, ಅವರು ತುದಿ ನೋಡುತ್ತಿದ್ದರು, ಗಾಳಿ ತಾನಾಗಿ ನಿಂತರೂ ನಿಲ್ಲುತ್ತಿತ್ತು. ನಾಲಿಗೆಯ ತುದಿಯವರೆಗೂ ಬಂದಿತ್ತು, ಸುಳ್ಳು ಯಾಕೆ ಹೇಳಲಿ.

"ಅಕ್ಕ ಹೇಳ್ತಿರೋದು ನಿಜ" ಎಂದೆ. "ಹೋದ ವರ್ಷ ಹೀಗೇ ಹರೀತು. ನಂಗೆ ಗೊತ್ತಿತ್ತು. ನಾನೇ ಮುಚ್ಚಿಟ್ಟೆ."

ಸಾಮಾನು ಕಟ್ಟಿದೆವು. ಬ್ಯಾಂಕಿನವರು ದಾರಿಯುದ್ದಕ್ಕೂ ನನ್ನನ್ನು ಉಗಿದು ಉಪ್ಪಿನಕಾಯಿ ಹಾಕಿದರು. ಕೆಳಗಿನ ಕಲ್ಲಿನ ಗುಡಿಸಲು ಸೇರಿದಾಗ ಮುಸ್ಸಂಜೆ. ಎಲ್ಲರೂ ಭುಜಕ್ಕೆ ಭುಜ ತಾಗಿಸಿ ಕೂತರು. ಹೊರಗೆ ಗಾಳಿ ಬಾಗಿಲನ್ನು ಗುದ್ದುತ್ತಿತ್ತು. ಅಕ್ಕ ನನ್ನ ಪಕ್ಕದಲ್ಲೇ ಇದ್ದಳು.

ನಾನೇ ಬಾಯಿಬಿಟ್ಟೆ. "ನಿಂಗೆ ನೋವಾಗುತ್ತೆ ಅಂತ ಹೇಳ್ಲಿಲ್ಲ ಅಕ್ಕಾ. ನಾಲ್ಕು ಸಾಲು ಇರೋದು ನನ್ನ ಟೆಂಟಿಗೆ ಮಾತ್ರ, ಹೋದ್ರೂ ಹೋಗೋದು ನಾನೊಬ್ಬನೇ ಅಂದ್ಕೊಂಡಿದ್ದೆ."

ಅವಳು ತಿರುಗಿದಳು. ನನ್ನ ಅಂಗಿಯ ಎದೆ ಹಿಡಿದುಕೊಂಡಳು.

"ನೀನೊಬ್ಬನೇನಾ?" ಎಂದಳು. "ನೀನು ಸತ್ರೆ, ಸಾಯೋದು ನೀನೊಬ್ಬನೇನಾ?"