ಅಣ್ಣನ ರೇಜರಿಗೆ ಹುಣಸೆಹಣ್ಣು

ಆಯುಧಪೂಜೆ ಹತ್ತಿರ ಬಂತೆಂದರೆ ನಮ್ಮ ಮನೆಯಲ್ಲಿ ಒಂದು ವಾಸನೆ ಏಳುತ್ತದೆ. ಹಳೆಯ ಹುಣಸೆಹಣ್ಣನ್ನು ಬಿಸಿನೀರಿನಲ್ಲಿ ನೆನೆಹಾಕಿದಾಗ ಬರುವ, ಮೂಗಿಗಿಂತ ಮೊದಲು ಹಲ್ಲಿಗೆ ತಾಕುವ ಹುಳಿ ವಾಸನೆ. ಸಂಜಯನಗರದ ಅಂಗಡಿಗಳಲ್ಲಿ ಹಿತ್ತಾಳೆ ಬೆಳಗುವುದಕ್ಕೆ ಬಗೆಬಗೆಯ ಪುಡಿಗಳು ಸಿಗುತ್ತವೆ, ನನ್ನ ಸೊಸೆ ಒಂದು ಡಬ್ಬ ತಂದೂ ಇಟ್ಟಿದ್ದಾಳೆ. ಅದು ತಂದಿಟ್ಟಲ್ಲೇ ಇದೆ. ಈ ವಯಸ್ಸಿನಲ್ಲಿ ಬದಲಾಯಿಸಿಕೊಳ್ಳುವುದಕ್ಕೆ ನನಗೆ ಬೇರೆ ಬೇಕಾದಷ್ಟು ಕೆಟ್ಟ ಅಭ್ಯಾಸಗಳಿವೆ, ಹುಣಸೆಹಣ್ಣಿನ ಸರದಿ ಇನ್ನೂ ಬಂದಿಲ್ಲ.

ಮೊನ್ನೆ ಹಾಗೆ ದೀಪದ ಕಂಬಗಳನ್ನು ಮುಂದಿಟ್ಟುಕೊಂಡು ಕೂತಿದ್ದಾಗ ಕಿರಣ ಬಂದ. ಕಿರಣ ನನ್ನ ಅಣ್ಣನ ಮೊಮ್ಮಗ. ಅಣ್ಣ ಈಗಿಲ್ಲ. ವಿದ್ಯಾರಣ್ಯಪುರದ ಮನೆಯಲ್ಲಿ ಅತ್ತಿಗೆ, ಮಗ, ಸೊಸೆ, ಈ ಕಿರಣ ಎಲ್ಲರೂ ಒಟ್ಟಿಗಿದ್ದಾರೆ. ಅವನ ಕೈಯಲ್ಲೊಂದು ಪುಟ್ಟ ಪೆಟ್ಟಿಗೆಯಿತ್ತು.

"ನಮ್ಮಜ್ಜಿಗೆ ಬೆರಳು ನೋವಂತೆ. ಈ ಸಲ ನೀವೇ ಉಜ್ಜಿ ಕೊಡ್ಬೇಕಂತೆ," ಎಂದು ಮುಚ್ಚಳ ತೆಗೆದ. ಸವೆದುಹೋದ ಕೆಂಪು ಮಖಮಲ್ಲಿನ ಮೇಲೆ ಅಣ್ಣನ ಸೇಫ್ಟಿ ರೇಜರು ಪೂಜೆಯ ಗಂಟೆಯಷ್ಟು ಹಳದಿಯಾಗಿ ಮಲಗಿತ್ತು.

ಹುಡುಗ ಈಚೆಗೆ ಗಡ್ಡದ ವಿಷಯದಲ್ಲಿ ಪಂಡಿತನಾಗಿದ್ದಾನೆ. ಹಳೆಯ ರೇಜರಿನಲ್ಲೇ ಹೆರೆದುಕೊಳ್ಳುತ್ತಾನೆ, ಅದರ ಬಗ್ಗೆ ಮೊಬೈಲಿನಲ್ಲಿ ಓದುತ್ತಾನೆ. ನನಗೂ ಓದಿ ಹೇಳಿದ. "ಉಗುರುಬೆಚ್ಚಗಿನ ನೀರು, ಒಂಚೂರು ಸೋಪು, ಮೆತ್ತನೆ ಬ್ರಷ್ಷು. ಅಷ್ಟೇ ಅಜ್ಜಿ. ಹುಳಿ ಪದಾರ್ಥ ತಾಗಿಸ್ಲೇಬಾರ್ದಂತೆ, ತಿಕ್ಲೇಬಾರ್ದಂತೆ. ಆ ಕಾಲದ ಒಳ್ಳೇ ರೇಜರ್ ಎಲ್ಲ ಒಳಗೆ ಹಿತ್ತಾಳೆ, ಮೇಲೆ ನಿಕಲ್ ಲೇಪ. ಲೇಪ ಹೋದ್ರೆ ಹೋದಂಗೇ." ಆಮೇಲೆ ನನ್ನ ಹುಣಸೆಹಣ್ಣಿನ ಬಟ್ಟಲನ್ನು ಅನುಮಾನದಿಂದ ನೋಡಿ, "ಬೆಳ್ಳಿ ಥರ ಇದ್ದಿದ್ದು ಇದು. ಯಾರಜ್ಜಿ ಇದನ್ನ ಹಿಂಗೆ ಹಾಳ್ ಮಾಡಿದ್ದು?" ಎಂದು ಕೇಳಿದ.

ಉತ್ತರ ನನ್ನ ನಾಲಿಗೆಯ ತುದಿಯಲ್ಲೇ ಇತ್ತು. ಎಷ್ಟೋ ವರ್ಷಗಳಿಂದ ಯಾರಾದರೂ ಕೇಳಲಿ ಎಂದು ಕಾದಿದ್ದ ಉತ್ತರ ಅದು. ಕಾಫಿ ತರುತ್ತೇನೆ ಇರು ಎಂದು ಒಳಗೆ ಹೋದೆ. ಹಾಲು ಕಾಯುವಷ್ಟರಲ್ಲಿ ನೀವೂ ಕೇಳಿಬಿಡಿ.

ಗಡ್ಡವಿಲ್ಲದವಳು ರೇಜರಿನ ಬಗ್ಗೆ ಮಾತಾಡುವುದು ಅಧಿಕಪ್ರಸಂಗ ಎಂದು ನನಗೂ ಗೊತ್ತು. ಆದರೆ ಬ್ಯಾಟರಾಯನಪುರದ ನಮ್ಮ ಮನೆಯಲ್ಲಿ ಅಣ್ಣನ ರೇಜರಿನ ಬಗ್ಗೆ ತಿಳಿಯದೆ ಇರುವುದು ಸಾಧ್ಯವೇ ಇರಲಿಲ್ಲ. ಆಗ ಬಳ್ಳಾರಿ ರಸ್ತೆಯಲ್ಲಿ ಒಂದು ಬಸ್ಸು ತಪ್ಪಿದರೆ ಇನ್ನೊಂದು ಬರುವಷ್ಟರಲ್ಲಿ ರಾಗಿ ಹೊಲದ ಒಂದು ಮೂಲೆಯ ಕಳೆ ತೆಗೆದು ಮುಗಿಸಬಹುದಿತ್ತು. ಅಪ್ಪನಿಗೆ ಗಡ್ಡ ಎನ್ನುವುದು ಹಜಾಮರು ಊರೊಳಗೆ ಬಂದ ದಿನ ಹೊಂಗೆ ಮರದ ಕೆಳಗೆ ಕೂತು ತೆಗೆಸಿಕೊಳ್ಳುವ ಬೆಳೆ. ಅಣ್ಣ ಮಾತ್ರ ಜಾಲಹಳ್ಳಿ ಕಡೆಯ ಕಾರ್ಖಾನೆಯೊಂದರಲ್ಲಿ ಕೆಲಸಕ್ಕೆ ಸೇರಿದ್ದ. ಅವನಿಗೆ ಗಲ್ಲ ದಿನಾ ನುಣ್ಣಗಿರಬೇಕು.

ಮದುವೆಯಲ್ಲಿ ಯಶವಂತಪುರದ ಬೀಗರು ಅವನಿಗೆ ಒಂದು ಕೈಗಡಿಯಾರ ಮತ್ತು ಈ ರೇಜರಿನ ಪೆಟ್ಟಿಗೆ ಕೊಟ್ಟರು. ಗಡಿಯಾರ ತಿಂಗಳೊಳಗೆ ನಿಂತುಹೋಯಿತು. ಅಂದಿನಿಂದ ಅವ್ವ ಬೀಗರ ಸುದ್ದಿ ಬಂದಾಗಲೆಲ್ಲ, "ನಿಂತೋದ್ ಗಡಿಯಾರದೋರಾ?" ಎಂದು ಕೇಳುತ್ತಿದ್ದಳು. ಅತ್ತಿಗೆ ತಲೆ ತಗ್ಗಿಸಿ ರಾಗಿ ಬೀಸುತ್ತಿದ್ದಳು. ನನಗಿಂತ ಒಂದೆರಡು ವರ್ಷಕ್ಕೆ ದೊಡ್ಡವಳು ಅವಳು. ಹೆಸರಿಗೆ ಅತ್ತಿಗೆ, ಉಳಿದ ಹೊತ್ತಿನಲ್ಲಿ ಗೆಳತಿ. ಅವಳ ತವರಿನ ಮಾನವೆಲ್ಲ ಆಮೇಲೆ ಆ ರೇಜರಿನ ಮೇಲೇ ನಿಂತಿತು. ಅದೊಂದು ಫಳಫಳ ಹೊಳೆಯುತ್ತಿತ್ತು, ಅವ್ವನೂ ಅದನ್ನು ಬೆಳ್ಳಿ ಎಂದೇ ನಂಬಿದ್ದಳು.

ಅಣ್ಣ ಅದನ್ನು ಸಾಕಿದ ಎಂದರೆ ಸರಿ. ಬಚ್ಚಲಿನ ಹೊರಗೋಡೆಯ ಗೂಡಿನಲ್ಲಿ ಅದಕ್ಕೆ ಜಾಗ. ಕೂದಲು ಮುಟ್ಟುವ ವಸ್ತು ಒಳಗೆ ಬರಕೂಡದು ಎಂದು ಅವ್ವನ ಅಪ್ಪಣೆಯಾಗಿತ್ತು. ಗಡ್ಡ ಆದಮೇಲೆ ಹಿಡಿಯನ್ನು ತಿರುಗಿಸಿ ಮೂರು ಭಾಗ ಬಿಚ್ಚುತ್ತಿದ್ದ. ಬ್ಲೇಡನ್ನು ನೀರಿನಲ್ಲಿ ಅಲ್ಲಾಡಿಸಿ ಹಾಗೇ ಆರಲು ಬಿಡುತ್ತಿದ್ದ, ಬಟ್ಟೆಯಲ್ಲಿ ಒರೆಸಿದರೆ ಬಾಯಿ ಹೋಗುತ್ತದಂತೆ. ನಮ್ಮ ಬಾವಿಯ ಗಡಸು ನೀರಿಗೆ ಸೋಪು ಸೇರಿ ರೇಜರಿನ ಹಲ್ಲುಗಳಿಗೆ ಬೆಳ್ಳಗೆ ಕಟ್ಟುತ್ತಿದ್ದುದನ್ನು ಬೆಚ್ಚನೆ ನೀರಿನಲ್ಲಿ ನೆನೆಸಿ, ಟೂತ್‌ಬ್ರಷ್ಷಿನಿಂದ ನೇವರಿಸಿ ತೆಗೆಯುತ್ತಿದ್ದ. ಕಡೆಗೆ ತಿರುಪಿಗೆ ಹೊಲಿಗೆ ಮಿಷನ್ನಿನ ಎಣ್ಣೆ ಒಂದು ತೊಟ್ಟು. ನಮ್ಮ ಮನೆಗೆ ಬಂದ ಮೊದಲ ಟೂತ್‌ಬ್ರಷ್ಷು ಅದೇ. ಅಣ್ಣ ತನ್ನ ಹಲ್ಲನ್ನು ಇದ್ದಿಲ ಪುಡಿಯಲ್ಲಿ ಉಜ್ಜುತ್ತಿದ್ದ, ರೇಜರಿನ ಹಲ್ಲಿಗೆ ಮಾತ್ರ ಬ್ರಷ್ಷು. "ಎಮ್ಮೆ ಮೈ ತೊಳ್ಯೋಕೆ ಕರುದ್ರೆ ಕಿವಿ ಕೇಳ್ಸಕಿಲ್ಲ, ಇದುಕ್ಕೆ ದಿನಾ ಅಭ್ಯಂಜನ," ಎಂದು ಅವ್ವ ಎಮ್ಮೆಗೇ ದೂರು ಹೇಳುತ್ತಿದ್ದಳು.

ಅದನ್ನು ಬೇರೆ ಯಾರೂ ಮುಟ್ಟುವಂತಿರಲಿಲ್ಲ. ಒಮ್ಮೆ ಅಪ್ಪ ಅದರ ಬ್ಲೇಡು ತೆಗೆದು ಕಾಲಿನ ಆಣಿ ಕೊಯ್ದುಕೊಂಡ. ಅಣ್ಣನ ಕತ್ತಿನ ನರ ಉಬ್ಬಿತು, ಮುಂದಿದ್ದ ಮುದ್ದೆ ಬಿಟ್ಟು ಎದ್ದುಹೋದ. ಮುದ್ದೆ ಬಿಟ್ಟು ಏಳುವುದು ನಮ್ಮಲ್ಲಿ ಸಣ್ಣ ಮಾತಲ್ಲ. ಹೊಸದಾಗಿ ಬಂದಿದ್ದ ಅತ್ತಿಗೆ ಅದನ್ನು ಬಾಗಿಲ ಸಂದಿಯಿಂದ ನೋಡಿದ್ದಳು. ಗಂಡನೊಡನೆ ಹಿರಿಯರ ಎದುರಿಗೆ ಮಾತಾಡುವ ಹಾಗಿಲ್ಲದ ಮನೆ. ಬೆಳಿಗ್ಗೆ ಬಿಸಿನೀರಿನ ಚೊಂಬು ಇಟ್ಟು "ನೀರು" ಎನ್ನುವುದು, ಅವನು "ಹೂಂ" ಎನ್ನುವುದು, ಹಗಲಿನಲ್ಲಿ ಅವರ ಸಂಸಾರ ಇಷ್ಟೇ ಇತ್ತು.

ಅವಳ ಮೊದಲ ಆಯುಧಪೂಜೆ ಬಂತು. ಕಾರ್ಖಾನೆಯಲ್ಲೂ ಪೂಜೆ ಎಂದು ಅಣ್ಣ ಬೆಳಿಗ್ಗೆಯೇ ಹೋದ. ನಾನೂ ಅತ್ತಿಗೆಯೂ ಬಾವಿಕಟ್ಟೆಯ ಹತ್ತಿರ ಕೂತು ಹುಣಸೆಹಣ್ಣು, ಇಟ್ಟಿಗೆ ಪುಡಿ, ತೆಂಗಿನ ನಾರು ಹರಡಿಕೊಂಡು ಪಾತ್ರೆ ಬೆಳಗುತ್ತಿದ್ದೆವು. ಅವ್ವ ಮಚ್ಚು, ಕುಡುಗೋಲು, ಈಳಿಗೆಮಣೆ ಎಲ್ಲ ತಂದು ಸುರಿದಳು. ಹೋಗುತ್ತಾ ತಿರುಗಿ, "ಆ ಗೂಡಲ್ಲಿರೋದೂ ಕುಯ್ಯೋದೇ ಅಲ್ವಾ? ಅದೂ ಆಯ್ದನೇ. ಅದ್ನೂ ತೊಳುದು ಮಡುಗ್ರಿ," ಎಂದಳು. ಅವ್ವ ತೊಳೆಯಲು ಹೇಳಿದ್ದು. ಅತ್ತಿಗೆಗೆ ಅಷ್ಟು ಸಾಲಲಿಲ್ಲ. ತವರಿನ ವಸ್ತು ದೇವರ ಮುಂದೆ ಎಲ್ಲಕ್ಕಿಂತ ಹೊಳೆಯಬೇಕು ಎಂದು ಅವಳಿಗೆ ಆಸೆ.

ಎರಡು ಸಲ ತಿಕ್ಕಿದಳು. ಹಿಡಿಯ ಮೇಲೆ ಒಂದು ಹಳದಿ ಚುಕ್ಕೆ ಕಂಡಿತು.

"ಇಲ್ನೋಡು, ಒಳಗೆ ಕಿಲುಬು ಕೂತೈತೆ," ಎಂದಳು.

ಕಿಲುಬನ್ನು ಬಿಡುವುದುಂಟೇ? ಇನ್ನಷ್ಟು ಇಟ್ಟಿಗೆ ಪುಡಿ ಹಾಕಿದಳು. ಉಜ್ಜಿದಷ್ಟೂ ಕಿಲುಬು ಹೆಚ್ಚಿತು. ನಾನು ಪಕ್ಕದಲ್ಲಿ ಕೂತು, ಇನ್ನೊಂದು ಸ್ವಲ್ಪ, ಈ ಕಡೆ ಇನ್ನೂ ಇದೆ, ಎಂದು ಮೇಸ್ತ್ರಿಯ ಕೆಲಸ ಮಾಡುತ್ತಿದ್ದೆ. ಅರ್ಧ ಹಿಡಿ ಹಳದಿಯಾದ ಮೇಲೆ ನಮ್ಮಿಬ್ಬರಿಗೂ ಒಟ್ಟಿಗೇ ಅರ್ಥವಾಯಿತು. ಹೋಗುತ್ತಿದ್ದುದು ಕೊಳೆಯಲ್ಲ, ಬೆಳ್ಳಗಿದ್ದದ್ದೇ ಹೋಗುತ್ತಿತ್ತು.

ಅತ್ತಿಗೆಯ ಕೈ ನಿಂತುಹೋಯಿತು. ರೇಜರನ್ನು ಸೆರಗಿನೊಳಗೆ ಮುಚ್ಚಿಕೊಂಡಳು. "ಇತ್ತಾಳೆ," ಎಂದಳು. "ನಮ್ಮಪ್ಪ ಗಿಲೀಟು ಕೊಟ್ಟವ್ರೆ. ಗಡಿಯಾರನೂ ಅಂಗೇ, ಇದೂ ಇಂಗೇ. ಇನ್ಮೇಲೆ ನಾನು ಈ ಮನೇಲಿ ಎಂಗೆ ಮುಖ ಎತ್ತಲಿ?" ಅಣ್ಣನ ಸಿಟ್ಟು ಅವಳಿಗೆ ಎರಡನೆಯ ಭಯ. ಮೊದಲನೆಯದು ಅಪ್ಪನ ಮರ್ಯಾದೆ. ಲೇಪ ಕೊಟ್ಟೇ ರೇಜರು ಮಾಡುತ್ತಾರೆ ಎಂದು ಹೇಳಲು ಬಾವಿಕಟ್ಟೆಯಲ್ಲಿ ಯಾವ ಕಿರಣನೂ ಇರಲಿಲ್ಲ.

ಅವ್ವ ಬಂದು ನೋಡಿದಳು. ಬೀಗರ ವಿಚಾರದ ಮಾತನ್ನು ಸಂಜೆಗೆ ಎತ್ತಿಟ್ಟುಕೊಂಡಳೆಂದು ಮುಖದಲ್ಲೇ ಗೊತ್ತಾಯಿತು. ಸದ್ಯಕ್ಕೆ ಅವಳಿಗೆ ಪೂಜೆ ಮುಖ್ಯ. "ಅರ್ಧ ಗಡ್ಡ ಬೋಳಿಸ್ಕಂಡು ಎದ್ದೋದಂಗೆ ಐತಲ್ಲೇ ಇದು. ದೇವ್ರ ಮುಂದೆ ಇಂಗಿಡ್ತಾರಾ? ಪೂರ್ತಿ ಉಜ್ಜಿ." ಅತ್ತಿಗೆ ಅಳುತ್ತಾ ಪೂರ್ತಿ ಉಜ್ಜಿದಳು. ಹೇಳಬಾರದು, ಬಹಳ ಚೆನ್ನಾಗಿ ಹೊಳೆಯಿತು.

ಸಂಜೆ ಅಣ್ಣ ಹಣೆಗೆ ಕುಂಕುಮ, ಕೈಯಲ್ಲಿ ಕಡ್ಲೆಪುರಿ ಪೊಟ್ಟಣ ಹಿಡಿದು ಬಂದ. ಮಚ್ಚು ಕುಡುಗೋಲುಗಳ ನಡುವೆ ನೆತ್ತಿಯ ಮೇಲೆ ಕುಂಕುಮದ ಬೊಟ್ಟಿಟ್ಟುಕೊಂಡು ಹಳದಿ ರೇಜರು ಕೂತಿತ್ತು. ಅವನು ಅದನ್ನು ನೋಡಿ ಇನ್ನೂ ಬಾಯಿ ತೆರೆದಿರಲಿಲ್ಲ, ಅವ್ವ ಬೆಳಿಗ್ಗೆಯಿಂದ ಕಾದಿಟ್ಟ ಮಾತು ತೆಗೆದಳು.

"ನೋಡಪ್ಪ, ನಿಮ್ಮಾವ ಕೊಟ್ಟ ಬೆಳ್ಳಿ ಬಣ್ಣ ಬಿಟ್ಕಂತು."

ಅತ್ತಿಗೆ ಬಾಗಿಲ ಹಿಂದಿದ್ದಳು. ಅವಳು ನನ್ನ ಕೈ ಹಿಡಿದುಕೊಂಡಿದ್ದಳು, ಅವಳ ಕೈಯಿಂದ ಹುಣಸೆಹಣ್ಣಿನ ವಾಸನೆ ಬರುತ್ತಿತ್ತು. ಅಣ್ಣ ರೇಜರನ್ನು ಎತ್ತಿಕೊಂಡ. ಹಿಡಿ ತಿರುಗಿಸಿ ಬಿಚ್ಚಿದ. ತಿರುಪಿನೊಳಗೆ ಇಟ್ಟಿಗೆ ಪುಡಿ ಕೂತಿತ್ತು, ಅದನ್ನು ಊದಿದ. ಕತ್ತಿನ ನರ ಉಬ್ಬಿದ್ದು ನನಗೆ ಕಾಣಿಸಿತು. ಆಮೇಲೆ ಬಾಗಿಲ ಕಡೆ ಒಂದು ಸಲ ನೋಡಿ, ಮತ್ತೆ ಮೂರೂ ಭಾಗ ಜೋಡಿಸಿದ.

"ನಾನೇ ಹೇಳಿದ್ದೆ ಕಣವ್ವ," ಎಂದ. "ಆ ಮೇಲಿನ ಬಿಳುಪು ಚರ್ಮಕ್ಕೆ ಆಗಲ್ಲ. ಒಳಗೆ ಅಪ್ಪಟ ಹಿತ್ತಾಳೆ ಐತೆ, ಮಾವ ಒಳ್ಳೇ ಮಾಲೇ ಕೊಟ್ಟವ್ರೆ, ಹುಣಸೆಹಣ್ಣು ಹಾಕಿ ಉಜ್ಜಿ ತೆಗೆದ್ಬಿಡು ಅಂತ ನಾನೇ ಹೇಳಿದ್ದೆ."

ಅದನ್ನು ನೇವರಿಸಲು ಬ್ರಷ್ಷು ಇಟ್ಟಿದ್ದವನ ಬಾಯಲ್ಲಿ ಆ ಮಾತು. ಅವ್ವ ಅವನನ್ನು ನೋಡಿದಳು. ಮಗ ಸುಳ್ಳು ಹೇಳಿದರೆ ತಿಳಿಯದ ತಾಯಿಯಲ್ಲ ಅವಳು. "ಅಂಗಾ," ಎಂದಳು. "ಕೈಕಾಲ್ ತೊಳ್ಕೊ, ಮುದ್ದೆ ಆರೋಯ್ತದೆ." ಅಂದಿನಿಂದ ನಿಂತುಹೋದ ಗಡಿಯಾರದ ಮಾತೂ ನಮ್ಮ ಮನೆಯಲ್ಲಿ ಬರಲಿಲ್ಲ. ನನಗೆ ಅಣ್ಣನ ಮೇಲೆ ಅಷ್ಟು ಪ್ರೀತಿ ಉಕ್ಕಿದ್ದು ಅದೇ ಮೊದಲು. ಅಲ್ಲಿಯವರೆಗೆ ಅವನನ್ನು ಬರೀ ಗಡ್ಡದ ಚಿಂತೆಯವನು ಎಂದುಕೊಂಡಿದ್ದೆ.

ಸುಳ್ಳು ಹೇಳುವುದು ಸುಲಭ, ಅದರ ಜೊತೆ ಬಾಳುವುದು ಕಷ್ಟ. ನಾನೇ ಹೇಳಿದ್ದೆ ಎಂದಮೇಲೆ ಅಣ್ಣ ಪ್ರತಿವರ್ಷವೂ ಹೇಳಬೇಕಾಯಿತು. ಹಬ್ಬದ ಹಿಂದಿನ ದಿನ ತಾನೇ ರೇಜರು ತಂದು ಎಲ್ಲರಿಗೂ ಕೇಳುವಂತೆ, "ಏ, ಹುಣಸೆಹಣ್ಣು ಹಾಕಿ ಚೆನ್ನಾಗಿ ಉಜ್ಜು," ಎನ್ನುತ್ತಿದ್ದ. ಹಾಗೆ ಅವರಿಬ್ಬರಿಗೆ ಎಲ್ಲರೆದುರು ಆಡುವುದಕ್ಕೆ ಒಂದು ಮಾತು ಸಿಕ್ಕಿತು. "ಎಷ್ಟು ಉಜ್ಜಲಿ?" ಎಂದು ಅತ್ತಿಗೆ ಕೇಳುವಳು. "ಮುಖ ಕಾಣೋವರ್ಗೂ," ಎನ್ನುವನು. ಟೂತ್‌ಬ್ರಷ್ಷು ಕೆಲಸ ಕಳೆದುಕೊಂಡು ದೀಪದ ಕಂಬದ ಸಂದುಗಳಿಗೆ ವರ್ಗವಾಯಿತು.

ಒಮ್ಮೆ ಹೆಬ್ಬಾಳದಿಂದ ಬಂದ ಅವನ ಜೊತೆಗಾರನೊಬ್ಬ, "ಏನ್ ಗುರು, ರೇಜರ್‌ಗೆ ಅರಿಶಿನ ಹಚ್ಚಿದೀಯ?" ಎಂದು ನಕ್ಕ. ಅತ್ತಿಗೆ ಕಾಫಿ ತರುತ್ತಿದ್ದಳು. ಅಣ್ಣ ಹಿತ್ತಾಳೆಯ ಗುಣಗಳ ಬಗ್ಗೆ ಭಾಷಣವನ್ನೇ ಮಾಡಿದ. ಪಾಪ, ಆತ ನಂಬಿ ಮನೆಗೆ ಹೋಗಿ ತನ್ನದನ್ನೂ ಉಜ್ಜಿಸಿದ. ಅವನ ರೇಜರಿನೊಳಗೆ ಹಿತ್ತಾಳೆ ಇರಲಿಲ್ಲ, ಯಾವುದೋ ಕರೀ ಲೋಹವಿತ್ತು. ಆತ ಮತ್ತೆ ನಮ್ಮ ಮನೆಗೆ ಕಾಫಿಗೆ ಬರಲಿಲ್ಲ.

ಅಣ್ಣ ಹೋದಮೇಲೂ ಅತ್ತಿಗೆ ಪ್ರತಿ ಹಬ್ಬಕ್ಕೆ ಅದನ್ನು ಉಜ್ಜಿದ್ದಾಳೆ, ಅವರು ಹೇಳಿದ್ದರು ಎಂದು. ಹೇಳಿರಲಿಲ್ಲ ಎಂದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಹಾಲು ಉಕ್ಕಿತು. ಕಾಫಿ ಬೆರೆಸಿ ತಂದು ಕಿರಣನ ಕೈಗೆ ಕೊಟ್ಟೆ. ಅವನು ಪ್ರಶ್ನೆ ಮರೆತಿರಲಿಲ್ಲ.

"ಯಾರು ಅಂತ ಹೇಳ್ಲಿಲ್ಲ ನೀವು."

ಒಳಗೆ ಹೋಗುವಾಗ ನಾಲಿಗೆಯ ತುದಿಯಲ್ಲಿದ್ದ ಉತ್ತರ ಹೊರಗೆ ಬರುವಾಗ ಇರಲಿಲ್ಲ.

"ನಿಮ್ ತಾತನೇ ಹೇಳಿ ಉಜ್ಜಿಸಿದ್ದು ಕಣೋ," ಎಂದೆ. "ಆ ಬಿಳುಪು ಚರ್ಮಕ್ಕೆ ಆಗಲ್ಲ ಅಂತ."

ಕಿರಣ ರೇಜರನ್ನು ತಿರುಗಿಸಿ ತಿರುಗಿಸಿ ನೋಡಿದ. ತಲೆಯಾಡಿಸಿದ. "ತಾತಂಗೆ ರೇಜರ್ ನೋಡ್ಕೊಳೋದು ಏನೂ ಗೊತ್ತಿರ್ಲಿಲ್ಲ ಅನ್ಸುತ್ತೆ."

"ಏನೂ ಗೊತ್ತಿರ್ಲಿಲ್ಲ," ಎಂದು ಒಪ್ಪಿಕೊಂಡು, ಹುಣಸೆಹಣ್ಣಿನ ಬಟ್ಟಲನ್ನು ಹತ್ತಿರಕ್ಕೆ ಎಳೆದುಕೊಂಡೆ.