ನೆಜೀರ್ ಮೇಷ್ಟ್ರು ಮತ್ತು ಒಂದು ತಪ್ಪು ಅಳತೆ

ಪೆಷ್ಟರ್ ಪ್ರಸ್ಥಭೂಮಿಯಲ್ಲಿ ಜನವರಿ ತಿಂಗಳ ಮುಂಜಾನೆ ಒಂದು ಮೋಟಾರು ಸೆಲ್ಫ್ ಸ್ಟಾರ್ಟರಿನ ಮೊದಲ ತಿರುವಿಗೇ ಎದ್ದಿತೆಂದರೆ ಅದರ ಹಿಂದೆ ಎಲ್ಲಿಯೋ ನೆಜೀರ್ ಬ್ರಾಹೊವಿಚ್ ಅವರ ಕೈ ಇರುತ್ತದೆ; ಅವರ ಕೈ ಅಲ್ಲವಾದರೆ ಅವರ ಶಿಷ್ಯನೊಬ್ಬನ ಕೈ, ಅದೂ ಅಲ್ಲವಾದರೆ ಅವರು ಎಂದೋ ಗದರಿ ಹೇಳಿದ ಒಂದು ಮಾತು. ಎಂಜಿನ್ನು ಬಿಚ್ಚುವವರು ನಮ್ಮಲ್ಲಿ ಊರಿಗೆ ನಾಲ್ವರು ಸಿಗುತ್ತಾರೆ. ಬಿಚ್ಚದೆ, ಬಡಿಯದೆ, ಕರೆಂಟು ಎಲ್ಲಿ ಹುಟ್ಟಿ ಎಲ್ಲಿ ಸೋರಿಹೋಗುತ್ತಿದೆ ಎಂಬುದನ್ನು ಹಳ್ಳದ ನೀರಿನ ಜಾಡು ಹಿಡಿದಂತೆ ಹುಡುಕಿ ತೋರಿಸುವ ವಿದ್ಯೆಯನ್ನು ಈ ಎತ್ತರದ ನಾಡಿಗೆ ತಂದವರು, ನಮ್ಮ ವೃತ್ತಿಶಿಕ್ಷಣ ಶಾಲೆಯಲ್ಲಿ ನಲವತ್ತೊಂದು ವರ್ಷ ಅದನ್ನು ಕಲಿಸಿ ಕಳೆದ ಜೂನ್‌ನಲ್ಲಿ ನಿವೃತ್ತರಾದವರು, ಈ ಮೇಷ್ಟ್ರು.

ಅವರಿಗೊಂದು ಅಭಿನಂದನ ಗ್ರಂಥ ಅರ್ಪಿಸಬೇಕೆಂದು ಸಹೋದ್ಯೋಗಿಗಳು ಮೇ ತಿಂಗಳಲ್ಲಿ ಅವರ ಮನೆಗೆ ಹೋದಾಗ ಅವರು ಕಾಫಿ ಕೊಟ್ಟರು, ಎಲ್ಲವನ್ನೂ ಕೇಳಿಸಿಕೊಂಡರು, ಬಹಳ ಹೊತ್ತು ಬಟ್ಟಲನ್ನು ತಟ್ಟೆಯ ಮೇಲೆ ತಿರುಗಿಸುತ್ತ ಕುಳಿತರು. ಆಮೇಲೆ ಅದುವರೆಗೆ ಯಾರಿಗೂ ಹೇಳದಿದ್ದ ತಮ್ಮದೊಂದು ಹಳೆಯ ತಪ್ಪನ್ನು ಹೇಳಿ, ಒಂದು ಷರತ್ತು ಹಾಕಿದರು.

"ಪುಸ್ತಕ ಮಾಡಿ. ಆದ್ರೆ ಚಾಮಿಲ್ ವಿಷಯ ಅದರಲ್ಲಿ ಬರಬೇಕು. ಬರದಿದ್ರೆ ನಾನು ಸಮಾರಂಭಕ್ಕೆ ಕಾಲಿಡೋದಿಲ್ಲ."

ಯಾರೋ ನಗುತ್ತ, "ಹೊಗಳೋ ಪುಸ್ತಕದಲ್ಲಿ ತಪ್ಪೊಪ್ಪಿಗೆ ಹಾಕಿಸ್ತೀರಾ ಮೇಷ್ಟ್ರೇ? ಜನ ನಗ್ತಾರೆ" ಎಂದರು.

"ನಗಲಿ. ಇಪ್ಪತ್ತೆರಡು ವರ್ಷ ಅವನನ್ನ ನೋಡಿ ನಕ್ಕಿದ್ದಾರೆ. ಸ್ವಲ್ಪ ನನ್ನ ಪಾಲಿಗೂ ಬರಲಿ."

ಆದ್ದರಿಂದ ಈ ಲೇಖನದಲ್ಲಿ ಹೊಗಳಿಕೆಯೂ ಇದೆ, ಆ ಷರತ್ತೂ ಇದೆ.

ಕುರಿ ಕಾಯುವವರ ಮನೆಯಲ್ಲಿ ಹುಟ್ಟಿದ ನೆಜೀರ್ ಅವರು ಸರಯೇವೊ ನಗರದ ಟ್ರಾಮ್ ಡಿಪೋದಲ್ಲಿ ಕೆಲಸ ಕಲಿತು ೧೯೮೩ರಲ್ಲಿ ಊರಿಗೆ ಮರಳಿದರು. ಆಗ ನಮ್ಮಲ್ಲಿ ಗಾಡಿ ಏಳದಿದ್ದರೆ ಎರಡೇ ಮದ್ದು: ತಳ್ಳುವುದು, ಇಲ್ಲವೆ ಕುದುರೆ ಕಟ್ಟಿ ಎಳೆಯುವುದು. ಹಾಳಾದದ್ದು ಬ್ಯಾಟರಿಯೋ ಡೈನಮೋವೋ ಸೆಲ್ಫೋ ಎಂದು ಕೇಳುವ ಅಭ್ಯಾಸವೇ ಇರಲಿಲ್ಲ. ಅವರು ಮೀಟರು ಹಿಡಿದು ಬಂದರು. ಬ್ಯಾಟರಿಯ ಆಮ್ಲವನ್ನು ಹೀರಿ ಅದರ ಸಾಂದ್ರತೆ ತೋರಿಸುವ ಗಾಜಿನ ಪಿಚಕಾರಿಯನ್ನು ಹಿಡಿದು ಬಂದರು. ಹೆಪ್ಪುಗಟ್ಟಿದ ಬ್ಯಾಟರಿಗೆ ಚಾರ್ಜು ಕೊಡಬೇಡಿ, ಒಡೆದು ಮುಖಕ್ಕೆ ಹಾರೀತು ಎಂದು ಹಳ್ಳಿ ಹಳ್ಳಿಗೆ ಹೋಗಿ ಹೇಳಿದರು. ತೊಂಬತ್ತರ ದಶಕದಲ್ಲಿ ದೇಶದ ಮೇಲೆ ಹೇರಿದ್ದ ಆರ್ಥಿಕ ದಿಗ್ಬಂಧನದಲ್ಲಿ ಹೊಸ ಬ್ಯಾಟರಿ ಎಂಬುದು ಕನಸಾಗಿದ್ದಾಗ, ಕಾಫಿ ಕೆಟಲಿನ ಆವಿಯನ್ನು ತಣಿಸಿ ಹನಿ ಹನಿಯಾಗಿ ಬಟ್ಟಿ ನೀರು ಹಿಡಿದು, ಸತ್ತವೆಂದು ಎಸೆದ ಬ್ಯಾಟರಿಗಳಿಗೆ ಮತ್ತೊಂದು ಚಳಿಗಾಲದ ಆಯುಷ್ಯ ಕೊಟ್ಟರು. ಆ ವರ್ಷಗಳಲ್ಲಿ ಹೆರಿಗೆಗೆ ಪಟ್ಟಣ ಸೇರಿದ ತಾಯಂದಿರಲ್ಲಿ ಎಷ್ಟೋ ಮಂದಿ ಆ ನೀರಿನ ಬಲದಿಂದ ಸೇರಿದವರು.

ನಮ್ಮ ನಾಡಿನ ಒಂದು ಪದ್ಧತಿಯನ್ನು ಇಲ್ಲಿ ಹೇಳಲೇಬೇಕು. ಸಂಜೆಯಾದರೆ ಬ್ಯಾಟರಿಯನ್ನು ಗಾಡಿಯಿಂದ ಬಿಚ್ಚಿ, ಗೋಣಿತಾಟಿನಲ್ಲಿ ಸುತ್ತಿ, ಮನೆಯೊಳಗೆ ಒಲೆಯ ಪಕ್ಕ ಇಡುತ್ತೇವೆ. ಎಳೆಗರುವನ್ನು ಒಳಗೆ ತಂದು ಮಲಗಿಸಿದ ಹಾಗೆ. ಇದರ ಅಪಾಯವನ್ನು ಮೇಷ್ಟ್ರು ಪ್ರತಿವರ್ಷ ಮೊದಲ ಪಾಠದಲ್ಲೇ ಹೇಳುತ್ತಿದ್ದರು.

"ಬ್ಯಾಟರಿ ಅಂದ್ರೆ ಅತ್ತೆಮನೆಗೆ ಬಂದ ಅಳಿಯ ಕಣ್ರಪ್ಪಾ. ಒಲೆ ಮುಂದೆ ಕೂತಿದ್ದಾಗ ಏನು ಕೇಳಿದ್ರೂ ಹೂಂ ಅಂತಾನೆ. ಹೊರಗೆ ಕರ್ಕೊಂಡು ಹೋಗಿ ಹೊರೆ ಹೊರಿಸಿ ನೋಡಿ, ಆಗ ಗೊತ್ತಾಗುತ್ತೆ."

ಈ ಮಾತನ್ನು ಹೇಳಿಕೊಟ್ಟವರೇ ಒಂದು ದಿನ ಇದನ್ನು ಮರೆತರು.

ಸುವೊದೋಲ್ ಎಂಬ ಹಳ್ಳಿಯ ಪಶುವೈದ್ಯ ಕೇಂದ್ರದಲ್ಲಿ ಒಂದು ಜೀಪಿತ್ತು. ಅದರ ಚಾಲಕರು ಚಾಮಿಲ್ ಹುಕಿಚ್, ಆಗ ಮೂವತ್ತನಾಲ್ಕರ ಪ್ರಾಯ. ಜೀಪನ್ನು ಅವರು ಮನೆಯ ಕುದುರೆಗಿಂತ ಜತನದಿಂದ ನೋಡಿಕೊಳ್ಳುತ್ತಿದ್ದರು. ಬ್ಯಾಟರಿಯನ್ನು ದಿನವೂ ಮನೆಗೆ ಹೊತ್ತು ತರುತ್ತಿದ್ದರು. ಅವರ ತಾಯಿ ಷೆಮ್ಸಾ ಅದಕ್ಕೆಂದೇ ಒಲೆಯ ಮಗ್ಗುಲಲ್ಲಿ ಒಂದು ಮಣೆ ಹಾಕಿಟ್ಟಿದ್ದರು.

೨೦೦೨ರ ಜನವರಿ ಹದಿನಾಲ್ಕರ ಬೆಳಿಗ್ಗೆ ಜೀಪು ಎಂದಿನಂತೆ ಸೆಲ್ಫಿನ ಒಂದೇ ತಿರುವಿಗೆ ಎದ್ದಿತು. ಹಳ್ಳಿಯೊಂದರಲ್ಲಿ ಹೊಟ್ಟೆಶೂಲೆ ಬಂದ ಕುದುರೆಯನ್ನು ನೋಡಲು ಕೇಂದ್ರದ ಡಾಕ್ಟರಮ್ಮ ಒಳಗೆ ಹೋದರು; ಜೀಪು ಎರಡು ತಾಸು ಬಯಲಲ್ಲಿ ನಿಂತಿತು. ಅಷ್ಟರಲ್ಲಿ ಪಕ್ಕದ ಹಳ್ಳಿಯಿಂದ ಜಾರುಬಂಡಿಯಲ್ಲಿ ಆಳು ಬಂದ: ವಿಧವೆಯೊಬ್ಬರಿಗೆ ಇದ್ದ ಒಂದೇ ಹಸು ಕರು ಹಾಕಲಾರದೆ ಒದ್ದಾಡುತ್ತಿದೆ. ಚಾಮಿಲ್ ಕೀಲಿ ತಿರುಗಿಸಿದರು. ಎಂಜಿನ್ನು ಒಮ್ಮೆ ನರಳಿ ಸುಮ್ಮನಾಯಿತು. ಡಾಕ್ಟರಮ್ಮ ಜಾರುಬಂಡಿಯಲ್ಲೇ ಹೋಗಿ ತಲುಪುವ ಹೊತ್ತಿಗೆ ಹಸುವೂ ಇರಲಿಲ್ಲ, ಕರುವೂ ಇರಲಿಲ್ಲ.

ಊರಿಗೆ ಒಬ್ಬ ತಪ್ಪಿತಸ್ಥ ಬೇಕಿತ್ತು. ಕೇಂದ್ರದವರು ನೆಜೀರ್ ಅವರನ್ನು ಕರೆಸಿ ಅಭಿಪ್ರಾಯ ಕೇಳಿದರು. ಅವರು ಬರುವಷ್ಟರಲ್ಲಿ ಬ್ಯಾಟರಿಗೆ ಚಾರ್ಜು ಕೊಟ್ಟು, ಎರಡು ದಿನ ಒಲೆಯ ಪಕ್ಕ ಇಟ್ಟು, ಆಗಷ್ಟೇ ಜೀಪಿಗೆ ಕೂರಿಸಿದ್ದರು. ಮೇಷ್ಟ್ರು ಮೀಟರು ಹಿಡಿದರು, ಬ್ಯಾಟರಿ ಚೆನ್ನಾಗಿತ್ತು. ಎಂಜಿನ್ನು ಓಡಿಸಿ ಡೈನಮೋದ ಮೇಲೇ ಮೀಟರಿನ ಎರಡು ಕಡ್ಡಿಗಳನ್ನೂ ಇಟ್ಟರು. ಹದಿನಾಲ್ಕು ವೋಲ್ಟಿನ ಮೇಲೆ ತೋರಿಸಿತು, ಅದೂ ಚೆನ್ನಾಗಿತ್ತು. ಅಲ್ಲಿಂದ ಹುಟ್ಟಿದ ಕರೆಂಟು ಬ್ಯಾಟರಿಯವರೆಗೆ ಬಂದು ಮುಟ್ಟುತ್ತಿದೆಯೇ ಎಂದು ಇನ್ನೊಮ್ಮೆ ಅಳೆಯಬೇಕಿತ್ತು. ಬ್ಯಾಟರಿ ಇದ್ದದ್ದು ಎಂಜಿನ್ನಿನ ಆಚೆ ಬದಿಗೆ, ಒಂದು ಮೊಳ ದೂರದಲ್ಲಿ. ಚಳಿ ಮೈನಸ್ ಇಪ್ಪತ್ತೆಂಟು. ಬೆರಳು ಕಬ್ಬಿಣಕ್ಕೆ ಅಂಟುತ್ತಿತ್ತು. ಶುಕ್ರವಾರದ ನಮಾಜಿಗೆ ಹೊತ್ತಾಗುತ್ತಿತ್ತು. ಆ ಒಂದು ಮೊಳವನ್ನು ಅವರು ಬಿಟ್ಟರು.

ಉಳಿದದ್ದು ಒಂದೇ ಅನುಮಾನ: ಮುಂಜಾನೆ ಹೊತ್ತಿಸಿದ ದೀಪ ಉರಿಯುತ್ತಲೇ ಇದ್ದು ಬ್ಯಾಟರಿಯನ್ನು ಬರಿದು ಮಾಡಿರಬೇಕು. ಪಕ್ಕದಲ್ಲೇ ನಿಂತಿದ್ದ ಚಾಮಿಲ್ ತಾವು ದೀಪ ಆರಿಸಿಯೇ ಇಳಿದದ್ದೆಂದು ಎರಡು ಸಲ ಹೇಳಿದರು. ಮೇಷ್ಟ್ರು ತಲೆಯಾಡಿಸಿದರೇ ಹೊರತು ಏನನ್ನೂ ಕೇಳಲಿಲ್ಲ. ಕಾಗದದಲ್ಲಿ ಮೂರು ಸಾಲು ಬರೆದರು: ಬ್ಯಾಟರಿಯಲ್ಲಿ ದೋಷವಿಲ್ಲ, ಡೈನಮೋದಲ್ಲಿ ದೋಷವಿಲ್ಲ, ಚಾಲಕರು ದೀಪ ಆರಿಸಲು ಮರೆತಿದ್ದಾರೆ. 'ಬಹುಶಃ' ಎಂಬ ಪದಕ್ಕೆ ಆ ಕಾಗದದಲ್ಲಿ ಬೇಕಾದಷ್ಟು ಜಾಗವಿತ್ತು.

ಚಾಮಿಲ್ ಅವರ ಕೆಲಸ ವಾರದೊಳಗೆ ಹೋಯಿತು. ಅದಕ್ಕಿಂತ ಕೆಟ್ಟದ್ದು, ಅವರಿಗೊಂದು ಅಡ್ಡಹೆಸರು ಬಂತು: ಲಾಂದ್ರ. ನಮ್ಮ ನಾಡಿನಲ್ಲಿ ಅಡ್ಡಹೆಸರು ಹೊಲದ ಹಾಗೆ, ತಂದೆಯಿಂದ ಮಕ್ಕಳಿಗೆ ಹೋಗುತ್ತದೆ. ಪೇಟೆಯಲ್ಲಿ ಕಂಡವರು "ಏನ್ ಲಾಂದ್ರ, ಮನೆ ದೀಪ ಆರಿಸಿ ಬಂದ್ಯಾ?" ಎನ್ನುವರು. ಶಾಲೆಯಲ್ಲಿ ಮಗಳು ಲಾಂದ್ರದವರ ಹುಡುಗಿಯಾದಳು; ಮದುವೆಯಾಗಿ ಹೋದ ಊರಿಗೂ ಆ ಹೆಸರು ಅವಳಿಗಿಂತ ಒಂದು ದಿನ ಮೊದಲೇ ಹೋಗಿ ಕೂತಿತ್ತು.

ಎರಡು ವರ್ಷಗಳ ಮೇಲೆ ಅದೇ ಜೀಪು ಗುಜರಿಯಾಗಿ, ಪಾಠಕ್ಕಾದರೂ ಆಗಲೆಂದು ನಮ್ಮ ಶಾಲೆಗೆ ಬಂತು. ಮೇಷ್ಟ್ರು ಎಂಜಿನ್ನು ಓಡಿಸಿ ವಿದ್ಯಾರ್ಥಿಗಳಿಂದ ಎರಡೂ ಕಡೆ ಅಳೆಸಿದರು. ಡೈನಮೋದಲ್ಲಿ ಹದಿನಾಲ್ಕರ ಮೇಲಿದ್ದದ್ದು ಬ್ಯಾಟರಿಯ ಟರ್ಮಿನಲ್ಲಿನಲ್ಲಿ ಹದಿಮೂರೂ ಇರಲಿಲ್ಲ. ಅವರು ಗಾಡಿಯ ಕೆಳಗೆ ನುಗ್ಗಿದರು. ಎಂಜಿನ್ನನ್ನು ಗಾಡಿಯ ಮೈಗೆ ಜೋಡಿಸಿ ಕರೆಂಟಿಗೆ ದಾರಿ ಕೊಡುವ ತಾಮ್ರದ ಪಟ್ಟಿ ಹೊರಗೆ ನೋಡಲು ನೆಟ್ಟಗಿತ್ತು. ಯಾರೋ ಹಿಂದೆ ಅದರ ಬೋಲ್ಟಿನ ಮೇಲೇ ಬಣ್ಣ ಬಳಿದಿದ್ದರು. ಕೆರೆದರೆ ಒಳಗೆಲ್ಲ ತುಕ್ಕು. ದಿನವೂ ಬ್ಯಾಟರಿ ಅರೆಹೊಟ್ಟೆಯಲ್ಲಿ ಮನೆಗೆ ಹೋಗಿ, ಒಲೆಯ ಬಿಸಿಗೆ ಮೈ ಕಾಯಿಸಿಕೊಂಡು, ಬೆಳಿಗ್ಗೆ ಇದ್ದಬದ್ದ ಶಕ್ತಿಯಿಂದ ಎಂಜಿನ್ನು ಎಬ್ಬಿಸುತ್ತಿತ್ತು. ಬ್ಯಾಟರಿಯನ್ನು ಗಾಡಿಯಲ್ಲೇ ಬಿಡುವ ಊರಿನಲ್ಲಾಗಿದ್ದರೆ ಈ ರೋಗ ಒಂದೇ ವಾರದಲ್ಲಿ ಹೊರಬೀಳುತ್ತಿತ್ತು. ಚಾಮಿಲ್ ಅವರ ಜತನವೇ ಅದನ್ನು ಮುಚ್ಚಿಟ್ಟಿತ್ತು.

ಮೇಷ್ಟ್ರು ಗಾಡಿಯ ಕೆಳಗಿನಿಂದ ಎದ್ದು, ಗಂಟೆ ಹೊಡೆಯಿತು, ಹೊರಡಿ ಎಂದರು. ಗಂಟೆ ಹೊಡೆದಿರಲಿಲ್ಲ.

ಆ ಶನಿವಾರವೇ ಅವರು ಸುವೊದೋಲ್‌ಗೆ ಹೋದರು. ಚಾಮಿಲ್ ಮನೆಯಲ್ಲಿರಲಿಲ್ಲ, ನೋವಿ ಪಾಜಾರ್ ಪಟ್ಟಣದಲ್ಲಿ ಜೀನ್ಸ್ ಮೂಟೆ ಹೊರುವ ಕೆಲಸಕ್ಕೆ ಹೋಗಿದ್ದರು. ಷೆಮ್ಸಾ ಕಾಫಿ ಕಾಸಿದರು, ಕಪ್ಪಗಿನ ರೊಟ್ಟಿ, ಕೆನೆ ತಂದಿಟ್ಟರು. ಮೇಷ್ಟ್ರು ಮಾತು ತೆಗೆಯುವ ಮುನ್ನ ಆಕೆಯೇ ಹೇಳಿದರು.

"ನೀನು ಓದಿದವನು ಮಗಾ, ನೀನು ಬರೆದದ್ದು ಸರಿಯೇ ಇರಬೇಕು. ಆದ್ರೆ ನನ್ನ ಮಗ ದೀಪ ಮರೆಯೋನಲ್ಲ."

ಟ್ರ್ಯಾಕ್ಟರಿನ ಬ್ಯಾಟರಿ ನೋಡಿಕೊಡುತ್ತೇನೆ ಎಂದು ಮೇಷ್ಟ್ರು ಎದ್ದರು. ನೋಡಿಕೊಟ್ಟರು. ಮುಂದಿನ ಅಕ್ಟೋಬರಿನಲ್ಲೂ ಬಂದರು, ಅದರ ಮುಂದಿನ ವರ್ಷವೂ ಬಂದರು. ನೆಜೀರ್ ಮೇಷ್ಟ್ರ ದೊಡ್ಡಗುಣ ನೋಡಿ, ಕೆಲಸ ಕಳೆದುಕೊಂಡ ಲಾಂದ್ರನ ಮನೆಯನ್ನೂ ಮರೆಯಲಿಲ್ಲ ಎಂದು ಊರು ಕೊಂಡಾಡಿತು. ಈ ಸಂಪುಟಕ್ಕೆ ಬಂದ ಲೇಖನಗಳಲ್ಲಿ ಮೂರು ಈ ಉಪಕಾರವನ್ನೇ ನೆನೆದಿವೆ. ಅದನ್ನು ಕೇಳಿದಾಗ ಮೇಷ್ಟ್ರು ಹೇಳಿದ್ದು ಇಷ್ಟು: "ಉಪಕಾರ ಅಲ್ಲ ಅದು. ಹೇಳೋಕೆ ಹೋಗಿ ಹೇಳದೆ ಬಂದದ್ದು, ಅಷ್ಟೇ." ಷೆಮ್ಸಾ ೨೦೧೧ರಲ್ಲಿ ತೀರಿಕೊಂಡರು.

ನಿವೃತ್ತಿಯ ಮರುವಾರ ಅವರು ಮತ್ತೆ ಹೋದರು. ಈ ಸಲ ಚಾಮಿಲ್ ಮನೆಯಲ್ಲಿದ್ದರು. ಚೀಸಿನ ನೀರು ಬಸಿಯಲೆಂದು ಅದರ ಮೇಲೆ ಭಾರದ ಕಲ್ಲು ಹೇರುತ್ತಿದ್ದರು. ಮೇಷ್ಟ್ರು ನಿಂತೇ ಎಲ್ಲವನ್ನೂ ಹೇಳಿದರು: ಬಿಟ್ಟ ಒಂದು ಮೊಳ, ಬಣ್ಣದ ಕೆಳಗಿನ ತುಕ್ಕು, ಇಪ್ಪತ್ತು ವರ್ಷ ಗೊತ್ತಿದ್ದೂ ನುಂಗಿಕೊಂಡದ್ದು. ಚಾಮಿಲ್ ಕಲ್ಲುಗಳನ್ನು ಒಂದೊಂದಾಗಿ ಇಟ್ಟು ಮುಗಿಸಿ ಕೈ ಒರೆಸಿಕೊಂಡರು.

"ಅಂದ್ರೆ ನಾನು ಆರಿಸಿದ್ದೆ."

"ಆರಿಸಿದ್ದೆ, ಚಾಮಿಲ್."

"ನೆನಪಿತ್ತು ಮೇಷ್ಟ್ರೇ. ಸ್ವಿಚ್ಚಿಗೆ ಬೆರಳು ಅಂಟಿದ್ದೂ ನೆನಪಿತ್ತು. ಆಮೇಲೆ ನೀವೇ ಬರೆದ್ರಿ, ಊರೆಲ್ಲ ಅದನ್ನೇ ಅಂತು. ನನ್ನ ನೆನಪೇ ಸುಳ್ಳಿರಬೇಕು ಅಂದ್ಕೊಂಡೆ. ಇವತ್ತಿಗೂ ಕೊಟ್ಟಿಗೆ ದೀಪ ಆರಿಸಿ ಮೂರು ಸಲ ತಿರುಗಿ ನೋಡ್ತೀನಿ. ಹೆಂಡತಿ ಬೈತಾಳೆ."

ಚಾಮಿಲ್ ಮೇಲಿನ ಕಲ್ಲನ್ನು ಇನ್ನಷ್ಟು ಒತ್ತಿ ಕೂರಿಸಿದರು.

"ಅಮ್ಮ ಒಬ್ಳೇ ನಂಬಿದ್ದು. ಅವಳಿಗಾದ್ರೂ ಹೇಳಬಹುದಿತ್ತು. ಏಳು ವರ್ಷ ಅವಳ ಕೈಯಿಂದ ಕಾಫಿ ಕುಡಿದ್ರಲ್ಲ."

ಅಂದು ಆ ಮನೆಯಲ್ಲಿ ಕಾಫಿ ಕಾಯಲಿಲ್ಲ. ಮೇಷ್ಟ್ರು ಕ್ಷಮೆ ಕೇಳಿದರು, ಅದಕ್ಕೆ ಉತ್ತರ ಬರಲಿಲ್ಲ. ಬರಬೇಕೆಂದು ಅವರು ಬಯಸಲೂ ಇಲ್ಲ. ಪುಸ್ತಕದಲ್ಲಿ ಬರೆಸಲು ಒಪ್ಪಿಗೆಯೇ ಎಂದು ಕೇಳಿದಾಗ ಮಾತ್ರ ಚಾಮಿಲ್ ಬೇಲಿಯವರೆಗೆ ಬಂದರು. "ಬರೆಸಿ. ತಾರೀಖು ಹಾಕಿ ಬರೆಸಿ. ಆದ್ರೆ ಈ ಸೀಮೆಯಲ್ಲಿ ಪುಸ್ತಕ ಓದೋರು ಯಾರು ಮೇಷ್ಟ್ರೇ?"

ತಾರೀಖು ಹಾಕಿಯೇ ಬರೆಯುತ್ತಿದ್ದೇವೆ: ೨೦೦೨ರ ಜನವರಿ ಹದಿನಾಲ್ಕರಂದು ಚಾಲಕರಾದ ಶ್ರೀ ಚಾಮಿಲ್ ಹುಕಿಚ್ ಅವರು ಜೀಪಿನ ದೀಪಗಳನ್ನು ಆರಿಸಿಯೇ ಇಳಿದಿದ್ದರು.

ಆದರೆ ಬೇಲಿಯ ಬಳಿ ಕೇಳಿದ ಆ ಪ್ರಶ್ನೆ ಮೇಷ್ಟ್ರನ್ನು ಮನೆಯಲ್ಲಿ ಕೂರಲು ಬಿಟ್ಟಿಲ್ಲ. ಸೆಪ್ಟೆಂಬರಿನಿಂದ ಅವರು ಹಳ್ಳಿ ಹಳ್ಳಿ ತಿರುಗಿ ಚಳಿಗಾಲಕ್ಕೆ ಮುನ್ನ ಗಾಡಿಗಳನ್ನು ನೋಡಿಕೊಡುತ್ತಿದ್ದಾರೆ. ಬಾನೆಟ್ಟು ತೆಗೆಯುವ ಮೊದಲು ಮನೆಯವರನ್ನೆಲ್ಲ ಹೊರಗೆ ಕರೆದು, ತಮ್ಮ ತಪ್ಪನ್ನು ಹೇಳುತ್ತಾರೆ. ಹಳೇ ಕತೆ ಬಿಡಿ ಮೇಷ್ಟ್ರೇ ಎನ್ನುವವರಿದ್ದಾರೆ. ಯಾವ ಚಾಮಿಲ್, ಓ, ಲಾಂದ್ರನಾ ಎನ್ನುವವರೇ ಹೆಚ್ಚು. "ಲಾಂದ್ರ ಅಲ್ಲ. ಚಾಮಿಲ್" ಎಂದು ಅವರು ತಿದ್ದುತ್ತಾರೆ, ತಿದ್ದಿದ ಮೇಲೆಯೇ ಮೀಟರು ಹೊರಗೆ ತೆಗೆಯುತ್ತಾರೆ. ಈ ಲೇಖನ ಅಚ್ಚಿಗೆ ಹೋಗುವ ಹೊತ್ತಿಗೆ ಅರವತ್ತಮೂರು ಮನೆಗಳಾಗಿವೆ. ಉಳಿದವು ನಾನೂರಕ್ಕೆ ಕಡಿಮೆಯಿಲ್ಲ, ಹಾದಿಗೆ ಹಿಮ ಬೀಳತೊಡಗಿದೆ, ಅವರ ಮಂಡಿನೋವೂ ಹೆಚ್ಚಿದೆ.

ಅರವತ್ತೈದನ್ನು ದಾಟುತ್ತಿರುವ ನಮ್ಮ ನೆಜೀರ್ ಮೇಷ್ಟ್ರಿಗೆ ಮಂಡಿಯಲ್ಲಿ ಬಲವಿರಲಿ, ಕಣ್ಣಲ್ಲಿ ಬೆಳಕಿರಲಿ, ಆ ನಾನೂರು ಬಾಗಿಲುಗಳನ್ನೂ ತಟ್ಟುವಷ್ಟು ಚಳಿಗಾಲಗಳು ಅವರ ಪಾಲಿಗೆ ಬರಲಿ. ಚಾಮಿಲ್ ಹುಕಿಚ್ ಅವರು ಒಂದು ದಿನ ಪೇಟೆಯ ಈ ತುದಿಯಿಂದ ಆ ತುದಿಯವರೆಗೆ ತಮ್ಮ ಸ್ವಂತ ಹೆಸರಿನಿಂದಲೇ ಕರೆಸಿಕೊಂಡು ನಡೆದುಹೋಗುವುದನ್ನು ಕೇಳುವಷ್ಟು ದೀರ್ಘವಾಗಿ ಅವರು ಬಾಳಲಿ.